ದಯೆಯೂ ಲೆಕ್ಕವೂ

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನವು ಮುಗಿದು ಚಹಾಪಾನವು ನಡೆಯುತ್ತಿದ್ದಾಗ ಒಬ್ಬ ತಾಯಿಯವರು ನನ್ನ ಬಳಿಗೆ ಬಂದು ಹೀಗೆಂದರು: "ಅಮ್ಮನವರೇ, ನನ್ನ ಮಗಳನ್ನು ಆರು ವರ್ಷ ನಿಮ್ಮ ಬೋರ್ಡಿಂಗಿನಲ್ಲಿಟ್ಟು ಓದಿಸಿದೆವು. ತರುವಾಯ ಬಿ.ಎಸ್‌ಸಿ. ಪಾಸು ಮಾಡಿದಳು. ಈಗ ನೋಡಿದರೆ ಗಂಡನ ಸಂಗಡ ಕಾಡಿನ ಅಂಚಿನಲ್ಲಿ ಒಂದು ಚಿಕ್ಕ ಹೋಟೆಲು ಇಟ್ಟುಕೊಂಡು, ಬಂದವರಿಗೆ ಹಾಸಿಗೆ ಹಾಸುತ್ತಾ, ಬೀದಿನಾಯಿಗಳಿಗೆ ಗಂಜಿ ಕಾಯಿಸುತ್ತಾ ಇದ್ದಾಳೆ. ಇದಕ್ಕೇ ಏನು ನಾವು ಓದಿಸಿದ್ದು?"

ಆ ಹೊತ್ತಿಗೆ ನನಗೆ ಸರಿಯಾದ ಉತ್ತರವು ತೋಚಲಿಲ್ಲ. ಕಾಣದೆ ಹೇಳುವ ಉತ್ತರವು ಉತ್ತರವಲ್ಲವೆಂದೂ ಅನ್ನಿಸಿತು. ಆದಕಾರಣ ದಸರಾ ರಜದಲ್ಲಿ ಆ ನಮ್ಮ ಹುಡುಗಿಯ ಮನೆಗೆ ಹೋಗಿ ಮೂರು ದಿವಸ ಇದ್ದು ಬಂದೆನು. ಆ ತಾಯಿಯವರಿಗೆ ಸಲ್ಲಬೇಕಾದ ಉತ್ತರವನ್ನು ಈ ಸಂಚಿಕೆಯ ಮೂಲಕ ಎಲ್ಲರ ಮುಂದೆ ಇಡುತ್ತೇನೆ; ಯಾಕೆಂದರೆ ಈ ಪ್ರಶ್ನೆಯು ಅವರೊಬ್ಬರದೇ ಅಲ್ಲ.

ಆ ಸ್ಥಳವು ಬಂಡೀಪುರದ ಕಾಡಿನಿಂದ ಬಹು ದೂರವಿಲ್ಲದ ಒಂದು ಹಳ್ಳಿಯ ಹೊರಗಿದೆ. 1973ರಲ್ಲಿ ಹುಲಿಗಳ ರಕ್ಷಣೆಯ ಯೋಜನೆಯು ನಮ್ಮ ದೇಶದಲ್ಲಿ ಆರಂಭವಾದಾಗ ಮೊದಲು ಆರಿಸಲ್ಪಟ್ಟ ಕಾಡುಗಳಲ್ಲಿ ಬಂಡೀಪುರವೂ ಒಂದೆಂಬುದನ್ನು ನೀವು ಬಲ್ಲಿರಿ. ಹೋಟೆಲೆಂದರೆ ಹೆಂಚು ಹೊದಿಸಿದ ಆರು ಕೋಣೆಗಳು, ಒಂದು ಊಟದ ಜಗಲಿ, ಒಂದು ಅಡಿಗೆಮನೆ. ಅದರ ಹಿಂದೆ ಇನ್ನೂರು ಹೆಜ್ಜೆಯಾಚೆ ಎತ್ತರವಾದ ತಂತಿಬಲೆಯ ಬೇಲಿಯೊಳಗೆ ನಾಯಿಗಳ ಅಂಗಳವಿದೆ. ಬೆಳಗಿನ ಜಾವ ಐದು ಗಂಟೆಗೆ ಎದ್ದು, ಕಾಡು ನೋಡಹೋಗುವ ಅತಿಥಿಗಳಿಗೆ ಕಾಫಿ ಕೊಟ್ಟು ಕಳುಹಿಸಿದ ಕೂಡಲೇ ಆಕೆಯು ಎರಡನೆಯ ಒಲೆಯನ್ನು ಹೊತ್ತಿಸುತ್ತಾಳೆ. ನುಚ್ಚಕ್ಕಿ, ಮೊಟ್ಟೆ, ಕೋಳಿಯ ಉಳಿಕೆ ಮಾಂಸ ಇವನ್ನು ಈರುಳ್ಳಿ ಮಸಾಲೆಗಳಿಲ್ಲದೆ ಬೇಯಿಸಿ ಆರಿಸುತ್ತಾಳೆ. ಅತಿಥಿಗಳ ಎಲೆಯಲ್ಲಿ ಉಳಿದದ್ದನ್ನು ಹಾಕುವುದಿಲ್ಲ. ಈರುಳ್ಳಿಯೂ ಚಾಕೊಲೇಟೂ ನಾಯಿಗೆ ವಿಷಸಮಾನವೆಂದು ಆಕೆಯಿಂದಲೇ ನಾನು ತಿಳಿದೆನು.

ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳಿದ್ದವು. ಒಂದು ಅತಿಥಿಗಳದು, ಮತ್ತೊಂದು ನಾಯಿಗಳದು. ಎರಡನೆಯದರಲ್ಲಿ ಪ್ರತಿಯೊಂದು ನಾಯಿಗೂ ಒಂದು ಪುಟ: ಸಿಕ್ಕಿದ ಸ್ಥಳ, ಬಂದ ದಿನ, ತೂಕ, ಚುಚ್ಚುಮದ್ದು ಹಾಕಿಸಿದ ತಾರೀಖು, ಸಂತಾನಹರಣದ ಶಸ್ತ್ರಚಿಕಿತ್ಸೆ, ಖರ್ಚು, ಕಡೆಯಲ್ಲಿ ಯಾರ ಮನೆಗೆ ಹೋಯಿತೆಂಬುದು. ಆ ಅಕ್ಷರಗಳನ್ನು ನಾನು ಕೂಡಲೇ ಗುರುತಿಸಿದೆನು. ಎಂಟನೆಯ ತರಗತಿಯಲ್ಲಿ ಅಂಚು ಬಿಡದೆ ಬರೆಯುತ್ತಾಳೆಂದು ನಾನು ಅನೇಕ ಸಾರಿ ಗದರಿಸಿದ ಹುಡುಗಿಯು ಈಗ ಅಂಚು ಬಿಟ್ಟು ಬರೆಯುತ್ತಾಳೆ.

ಈಗ ಆ ತಾಯಿಯವರ ಮಾತಿಗೆ ಬರೋಣ. ಅದರೊಳಗೆ ಎರಡು ಆಕ್ಷೇಪಣೆಗಳಿವೆ. ಒಂದು, ಇದು ಕೀಳಾದ ಕೆಲಸವೆಂಬುದು.

ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿಕೊಂಡು ಹೋದ ಸಮಾರ್ಯದವನ ಕಥೆಯನ್ನು ಈ ಶಾಲೆಯಲ್ಲಿ ಓದಿದವರೆಲ್ಲರೂ ಕೇಳಿದ್ದೀರಿ. ನಾವು ಆ ಪ್ರಯಾಣಿಕನನ್ನು ಹೊಗಳುತ್ತೇವೆ; ಛತ್ರದವನನ್ನು ಮರೆತುಬಿಡುತ್ತೇವೆ. ಎತ್ತಿ ತಂದವನು ಮರುದಿನ ತನ್ನ ದಾರಿ ಹಿಡಿದನು. ಗಾಯವನ್ನು ತೊಳೆದು, ಗಂಜಿ ಕುಡಿಸಿ, ರಾತ್ರಿ ಎದ್ದು ನೋಡಿ, ಆದ ಖರ್ಚನ್ನು ಬರೆದಿಟ್ಟವನು ಛತ್ರದವನೇ ಆಗಿರಬೇಕು. ಛತ್ರವಿಲ್ಲದಿದ್ದರೆ ಆ ಕರುಣೆಯು ಒಂದು ದಿನಕ್ಕೆ ಮುಗಿಯುತ್ತಿತ್ತು. ನಮ್ಮ ಹುಡುಗಿಯು ಛತ್ರವನ್ನು ನಡಿಸುತ್ತಿದ್ದಾಳೆ. ಇದರಲ್ಲಿ ಕೀಳುತನವು ನನಗೆ ಕಾಣುವುದಿಲ್ಲ. ನಾಯಿಯ ವಿಷಯವಾದುದರಿಂದ ಕೀಳೆನ್ನುವಿರೋ? ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ನಿಲ್ಲಿಸಿದ್ದ, ಕ್ರಿ.ಶ. 950ರ ಸುಮಾರಿನ ಶಿಲಾಶಾಸನವು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನಿಂದ ಮಣಲೇರನು ಕೇಳಿ ಪಡೆದ ಕಾಳಿಯೆಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಸತ್ತುದರ ನೆನಪು ಆ ಕಲ್ಲಿನಲ್ಲಿದೆ. ನಾಯಿಗೂ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಕಡೆಯ ಪ್ರಯಾಣದಲ್ಲಿ ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವೇ ಬೇಡವೆಂದ ಧರ್ಮರಾಯನ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಭಾರವಾದದ್ದು. ಕಾಡಿನ ಪಕ್ಕದಲ್ಲಿ ನಾಯಿಗಳನ್ನು ಕೂಡಿಹಾಕುವುದರಿಂದ ಕಾಡಿಗೂ ಅತಿಥಿಗಳಿಗೂ ಕೇಡಾಗುವುದಿಲ್ಲವೇ? ಆಗುತ್ತದೆ. ಇದನ್ನು ಮರೆಮಾಚಬಾರದು. ಹಸಿದ ನಾಯಿಗಳು ಗುಂಪುಕಟ್ಟಿ ಜಿಂಕೆಮರಿಗಳನ್ನು ಅಟ್ಟುತ್ತವೆ. ಹಳ್ಳಿಯಂಚಿನ ಚಿರತೆಗೆ ನಾಯಿಯು ಸುಲಭವಾದ ಬೇಟೆಯಾದುದರಿಂದ ಚಿರತೆಯು ಮನೆಗಳ ಬಳಿಗೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಾಯಿಗಳಿಗೆ ತಗಲುವ ಡಿಸ್ಟೆಂಪರ್ ಎಂಬ ರೋಗವು ಕಾಡುಮೃಗಗಳಿಗೂ ಅಂಟುತ್ತದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸಿಂಹಗಳು ಈ ರೋಗದಿಂದ ಸತ್ತವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವದರಲ್ಲಿ ಇದೇ ರೋಗಾಣುವು ಕಂಡುಬಂದಿತು. ನಮ್ಮ ಕಾಡಿನ ಸೀಳುನಾಯಿಗಳು ಊರುನಾಯಿಯ ದಾಯಾದಿಗಳೇ ಆಗಿರುವುದರಿಂದ ಊರಿನ ರೋಗವು ಅವುಗಳಿಗೆ ತಗಲುವ ಭಯವು ಯಾವಾಗಲೂ ಇದೆ.

ಇದನ್ನೆಲ್ಲಾ ಆಕೆಯು ಪುಸ್ತಕದಿಂದಲ್ಲ, ಪೆಟ್ಟು ತಿಂದು ಕಲಿತಳು. ಮೊದಲನೆಯ ವರ್ಷ ಕಂಡ ನಾಯಿಯನ್ನೆಲ್ಲಾ ಒಳಗೆ ಸೇರಿಸಿದಳಂತೆ. ಪಟ್ಟಣದವರ ಮೋಟಾರು ಹೆದ್ದಾರಿಯಲ್ಲಿ ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ನಾಯಿಯೊಂದು ಇಳಿಯುತ್ತದೆ, ಮೋಟಾರು ಹೊರಟುಹೋಗುತ್ತದೆ. ಕೊರಳಪಟ್ಟಿ ಸಹ ಬಿಚ್ಚದ ಆ ನಾಯಿಯು ಸಂಜೆಯವರೆಗೂ ಅಲ್ಲಿಯೇ ಕುಳಿತಿರುತ್ತದೆ. ನೋಡಿ ಸುಮ್ಮನಿರಲು ಆಕೆಯಿಂದ ಆಗಲಿಲ್ಲ. ಮಳೆಗಾಲ ಬಂದಿತು, ಅತಿಥಿಗಳು ಬರಲಿಲ್ಲ. ನಾಯಿಗಳು ಮಾತ್ರ ದಿನಕ್ಕೆರಡು ಸಾರಿ ತಿಂದವು. ಹೊಸದಾಗಿ ಬಂದ ಒಂದು ನಾಯಿಯಿಂದ ಡಿಸ್ಟೆಂಪರ್ ಹಬ್ಬಿ ಒಂಬತ್ತು ಮರಿಗಳು ಸತ್ತವು. ಅದೇ ತಿಂಗಳು ಅರಣ್ಯದ ಕಾವಲುಗಾರನೊಬ್ಬನು ಬಂದು, "ಅಮ್ಮಾ, ನಿಮ್ಮ ನಾಯಿ ಜಿಂಕೆ ಅಟ್ಟೋದನ್ನ ನಾನೇ ಕಂಡೆ" ಎಂದನು. "ಮಿಸ್, ಆ ರಾತ್ರಿ ನಾನು ಊಟ ಮಾಡಲಿಲ್ಲ, ನಾನು ಉಪಕಾರ ಮಾಡುತ್ತಿದ್ದೇನೋ ಅಪಕಾರ ಮಾಡುತ್ತಿದ್ದೇನೋ ಎಂದು ತಿಳಿಯಲಿಲ್ಲ" ಎಂದು ಆಕೆಯು ನನಗೆ ಹೇಳಿದಳು.

ಬೇಲಿಯು ಎದ್ದದ್ದು ಆಮೇಲೆ. ಹೊಸ ನಾಯಿಯನ್ನು ಬೇರೆಯೇ ಇಟ್ಟು ನೋಡುವ ಕೊಟ್ಟಿಗೆಯೂ, ನಾಯಿಗಳ ಪುಸ್ತಕವೂ ಆಮೇಲಿನವೇ. ಹದಿನಾಲ್ಕಕ್ಕಿಂತ ಹೆಚ್ಚು ನಾಯಿಗಳನ್ನು ಇಟ್ಟುಕೊಳ್ಳಬಾರದೆಂದು ಗಂಡಹೆಂಡಿರು ಗೊತ್ತುಮಾಡಿಕೊಂಡರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ದಯೆಗೂ ಸಲ್ಲುವ ಮಾತು. ಹದಿನೈದನೆಯದು ಬಾಗಿಲಿಗೆ ಬಂದಾಗ, ಒಳಗಿನ ಒಂದಕ್ಕೆ ಒಳ್ಳೆಯ ಮನೆಯನ್ನು ಹುಡುಕಿದ ಹೊರತು ಅದನ್ನು ಸೇರಿಸುವುದಿಲ್ಲ. ಇಲ್ಲವೆನ್ನುವುದೇ ತನಗೆ ಅತಿ ಕಷ್ಟವಾದ ಕೆಲಸವೆಂದು ಆಕೆಯು ಹೇಳಿದಳು. ಹಾಗೆಂದ ಮಾತ್ರಕ್ಕೆ ಆಕೆಯ ಮನಸ್ಸು ಕಲ್ಲಾಗಿಲ್ಲ. ಬೇಲಿಯ ಹೊರಗೆ ಉಳಿದವುಗಳಿಗೂ ಪಶುವೈದ್ಯರಿಂದ ಲಸಿಕೆ ಹಾಕಿಸುತ್ತಾಳೆ.

ನಾನು ಇದನ್ನು ಬೋಧಿಸುವ ಸ್ಥಾನದಲ್ಲಿ ನಿಂತು ಬರೆಯುತ್ತಿಲ್ಲ. ನನ್ನ ತಪ್ಪನ್ನೂ ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬೋರ್ಡಿಂಗಿನ ಹುಡುಗಿಯರು ಅಡಿಗೆಮನೆಯ ಹಿಂದೆ ಒಂದು ಹೆಣ್ಣುನಾಯಿಗೆ ಅನ್ನ ಹಾಕುತ್ತಿದ್ದರು. ಮಕ್ಕಳಲ್ಲಿ ಕನಿಕರವಿದೆಯೆಂದು ನಾನು ಸಂತೋಷಪಟ್ಟೆನು. ಅದಕ್ಕೆ ಲಸಿಕೆ ಹಾಕಿಸಬೇಕೆಂದು ಎಣಿಸಲಿಲ್ಲ. ಅದು ಮರಿ ಹಾಕಿತು. ಮರಿಯನ್ನು ಎತ್ತಿಕೊಳ್ಳಹೋದ ಒಬ್ಬ ಚಿಕ್ಕ ಹುಡುಗಿಯನ್ನು ಕಚ್ಚಿತು. ಹೇಳಿದರೆ ನಾಯಿಯನ್ನು ಓಡಿಸಿಬಿಡುವರು, ತನ್ನನ್ನೂ ಬೈಯುವರು ಎಂಬ ಭಯದಿಂದ ಆ ಮಗುವು ಎರಡು ದಿನ ಗಾಯವನ್ನು ಮುಚ್ಚಿಟ್ಟಿತು. ನಮಗೆ ತಿಳಿಯುವಷ್ಟರಲ್ಲಿ ನಾಯಿಯು ಎಲ್ಲಿಯೋ ಹೋಗಿಬಿಟ್ಟಿತ್ತು. ಹತ್ತು ದಿನ ಅದನ್ನು ಕಟ್ಟಿ ನೋಡುವ ಉಪಾಯವೂ ಇರಲಿಲ್ಲ. ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದುಕೊಂಡುಹೋಗಿ ಎಲ್ಲ ಚುಚ್ಚುಮದ್ದುಗಳನ್ನೂ ತಪ್ಪದೆ ಹಾಕಿಸಿದೆವು. ಇಂದು ಆಕೆಯು ಸುಖವಾಗಿದ್ದಾಳೆ. ಆದರೆ ಆ ವಾರಗಳಲ್ಲಿ ನಾನು ನಿದ್ರೆಮಾಡಲಿಲ್ಲ. ಅನ್ನ ಹಾಕಿದ ಮಕ್ಕಳದು ತಪ್ಪಲ್ಲ, ನಾಯಿಯದೂ ತಪ್ಪಲ್ಲ; ಲೆಕ್ಕವಿಲ್ಲದ ದಯೆಯನ್ನು ನೋಡಿ ಮೆಚ್ಚಿ ಸುಮ್ಮನಿದ್ದ ನನ್ನದೇ ತಪ್ಪು.

ರೇಬೀಸ್, ಅಂದರೆ ಹುಚ್ಚುನಾಯಿಯ ರೋಗವು, ಲಕ್ಷಣಗಳು ತೋರಿದ ಮೇಲೆ ಬಹುಮಟ್ಟಿಗೆ ಗುಣವಾಗದ ರೋಗ. ಆದರೆ ಮುಂಚೆಯೇ ಪೂರ್ಣವಾಗಿ ತಡೆಯಬಹುದಾದ ರೋಗವೂ ಅದೇ. ಪಾಶ್ಚರ್ ಪಂಡಿತನು 1885ರಲ್ಲಿ ಒಬ್ಬ ಬಾಲಕನಿಗೆ ಮೊದಲ ಸಾರಿ ಲಸಿಕೆ ಹಾಕಿ ಇದನ್ನು ತೋರಿಸಿದನು. ಹೀಗಿದ್ದರೂ ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನರು ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮನುಷ್ಯರಿಗೆ ಇದು ತಗಲುವುದು ಬಹುತೇಕ ನಾಯಿಗಳಿಂದಲೇ; ಕಚ್ಚಿಸಿಕೊಳ್ಳುವವರಲ್ಲಿ ಮಕ್ಕಳೇ ಬಹು ಮಂದಿ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆಯಾದರೆ ರೋಗದ ಸರಪಣಿಯು ಕಡಿಯುತ್ತದೆಂದು ಬಲ್ಲವರು ಹೇಳುತ್ತಾರೆ. ಅನ್ನದ ಜೊತೆಗೆ ಲಸಿಕೆಯು ಹೋಗಲೇಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಒಂದು ವಿಷಯದಲ್ಲಿ ನಮ್ಮ ಹುಡುಗಿಗೂ ನನಗೂ ಅಭಿಪ್ರಾಯಭೇದವುಂಟು. ನಾಯಿಗಳ ಆಶ್ರಯವು ಎಷ್ಟೇ ಭದ್ರವಾದ ಬೇಲಿಯೊಳಗಿದ್ದರೂ ಕಾಡಿನ ಅಂಚಿನಲ್ಲಿರಬಾರದು, ತಾಲ್ಲೂಕಿನ ಪಟ್ಟಣದಲ್ಲಿರತಕ್ಕದ್ದೆಂದು ನನ್ನ ಮತ. "ನಿಜ ಮಿಸ್; ಆದರೆ ಬಿಟ್ಟುಹೋಗುವವರು ಇಲ್ಲಿಯೇ ಬಿಟ್ಟುಹೋಗುತ್ತಾರಲ್ಲ, ಪಟ್ಟಣದಲ್ಲಿ ಜಾಗ ಯಾರು ಕೊಡುತ್ತಾರೆ?" ಎಂದು ಆಕೆಯು ಕೇಳಿದಳು. ಈ ಪ್ರಶ್ನೆಯು ಆಕೆಯೊಬ್ಬಳಿಂದ ಬಗೆಹರಿಯತಕ್ಕದ್ದಲ್ಲ. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂಬ ನಿಯಮವು 2001ರಲ್ಲಿ ಬಂದು 2023ರಲ್ಲಿ ಹೊಸದಾಗಿ ಬರೆಯಲ್ಪಟ್ಟಿತು. 2025ನೆಯ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲು ನಿಲ್ದಾಣ ಮೊದಲಾದವುಗಳ ಆವರಣದ ನಾಯಿಗಳನ್ನು ಆಶ್ರಯಗಳಿಗೆ ಸಾಗಿಸಬೇಕೆಂದೂ ಮತ್ತೆ ಅಲ್ಲಿ ಬಿಡಬಾರದೆಂದೂ ಆಜ್ಞೆಮಾಡಿತು. ಕಚ್ಚಿಸಿಕೊಂಡ ಮಗುವಿನ ಪಕ್ಕದಲ್ಲಿ ಕುಳಿತವಳಾದ ನನಗೆ ಈ ಆಜ್ಞೆಯ ಕಾರಣವು ಅರ್ಥವಾಗುತ್ತದೆ. ಆದರೆ ಆಶ್ರಯವೆಂಬುದು ಬರಿಯ ಗೋಡೆಯಲ್ಲ. ಅದರೊಳಗೆ ಐದು ಗಂಟೆಗೆ ಏಳುವವರೂ ಪುಸ್ತಕ ಬರೆಯುವವರೂ ಇರಬೇಕು. ಅಂಥವರು ಇಲ್ಲದ ಆಶ್ರಯವು ಸೆರೆಮನೆಗಿಂತ ಕಷ್ಟವಾದೀತು.

ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನ ಬಿನ್ನಹವು ಇಷ್ಟೇ. ಮಗುವು ಹಟಮಾಡಿತೆಂದು ನಾಯಿಮರಿಯನ್ನು ಕೊಳ್ಳಬೇಡಿರಿ. ಕೊಂಡರೆ ಅದು ಸಾಯುವವರೆಗೂ ಸಾಕಿರಿ. ಸಾಕಲಾರದೆ ಹೋದರೆ ಮನೆಯೊಂದನ್ನು ಹುಡುಕಿ ಕೊಡಿರಿ, ಕಾಡಿನ ದಾರಿಯಲ್ಲಿ ಇಳಿಸಬೇಡಿರಿ. ಬೀದಿಯ ನಾಯಿಗೆ ಅನ್ನ ಹಾಕುವವರು ಅದರ ಲಸಿಕೆಯ ಭಾರವನ್ನೂ ಹೊರಿರಿ. ಕಾಡಿನ ಹೋಟೆಲುಗಳಿಗೆ ಹೋದಾಗ ನಿಮ್ಮ ನಾಯಿಯನ್ನು ಕರೆದೊಯ್ಯಬೇಡಿರಿ, ತಿಂಡಿಯ ಪೊಟ್ಟಣಗಳನ್ನು ಎಸೆಯಬೇಡಿರಿ. ನಾಯಿಯು ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯವನ್ನು ತೊಳೆದು, ಅರಸಿನ ಸುಣ್ಣಗಳನ್ನು ಮೆತ್ತದೆ, ಅದೇ ದಿನ ವೈದ್ಯರ ಬಳಿಗೆ ಹೋಗಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಕಚ್ಚಿತೆಂದು ಬಂದು ಹೇಳಿದ ಮಗುವನ್ನು ಬೈಯಬೇಡಿರಿ. ಬೈಗಳಿಗೆ ಹೆದರಿ ಮುಚ್ಚಿಟ್ಟ ಗಾಯದಿಂದ ಮಕ್ಕಳು ಪ್ರಾಣ ಬಿಡುವುದುಂಟು.

ಇನ್ನು ಆ ತಾಯಿಯವರಿಗೆ ನನ್ನ ಉತ್ತರ. ಅಮ್ಮಾ, ನಿಮ್ಮ ಮಗಳ ಓದು ವ್ಯರ್ಥವಾಗಲಿಲ್ಲ. ಆಕೆಯು ಕಲಿತ ಜೀವಶಾಸ್ತ್ರವು ಕೊಟ್ಟಿಗೆಯಲ್ಲಿದೆ, ಗಣಿತವು ಲೆಕ್ಕದ ಪುಸ್ತಕದಲ್ಲಿದೆ, ಆಕೆಯ ಸತ್ಯವು ತನ್ನ ತಪ್ಪನ್ನು ಒಪ್ಪಿಕೊಂಡು ಬೇಲಿ ಕಟ್ಟಿದ್ದರಲ್ಲಿದೆ. ನಾನು ಹೊರಟ ದಿನ ಬೆಳಿಗ್ಗೆ ಆಕೆಯು ಹದಿಮೂರನೆಯ ಪುಟದ ಕೆಳಗೆ "ಒಳ್ಳೆಯ ಮನೆಗೆ ಹೋಯಿತು" ಎಂದು ಬರೆದು ತಾರೀಖು ಹಾಕಿದಳು. ಒಂದು ಸಾರಿ ನೀವೂ ಅಲ್ಲಿಗೆ ಹೋಗಿ ಎರಡು ದಿವಸ ಇದ್ದು ಬನ್ನಿರಿ. ನಿಮ್ಮನ್ನು ಕರೆಯಲು ತನಗೆ ಧೈರ್ಯವಿಲ್ಲವೆಂದು ಆಕೆಯು ನನ್ನೊಡನೆ ಹೇಳಿದ್ದರಿಂದ ಆಕೆಯ ಪರವಾಗಿ ನಾನು ಕರೆಯುತ್ತಿದ್ದೇನೆ.