ಹೆಬ್ಬೆರಳಿಗೂ ಬೀಗ ಹಾಕಿ

ಸೈಟು, ಮನೆ, ಜಮೀನು ಕೊಂಡವರು, ಮಾರಿದವರು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಮ್ಮೆಯಾದರೂ ಹೆಬ್ಬೆಟ್ಟು ಒತ್ತಿ ಬಂದವರು ದಯವಿಟ್ಟು ಇದನ್ನು ಓದಿ.

ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಈಗ ಬಹಳ ಜನ ಹುಷಾರಾಗಿದ್ದಾರೆ. ಓಟಿಪಿ ಹೇಳುವುದಿಲ್ಲ, ಕಾರ್ಡ್ ಕಳೆದರೆ ಕೂಡಲೇ ಬ್ಲಾಕ್ ಮಾಡಿಸುತ್ತಾರೆ. ಆದರೆ ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್‌ಗೆ ಕಾರ್ಡೂ ಬೇಡ, ಪಿನ್ನೂ ಬೇಡ, ಓಟಿಪಿಯೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಬ್ಯಾಂಕ್ ಶಾಖೆಯಿಲ್ಲದ ಹಳ್ಳಿಯಲ್ಲೂ ಪಿಂಚಣಿ, ಕೂಲಿ ಹಣ ಕೈಸೇರಲು ಇದರಿಂದ ನಿಜಕ್ಕೂ ಅನುಕೂಲವಾಗಿದೆ. ಅದೇ ದಾರಿಯಲ್ಲಿ ಕಳ್ಳರೂ ಬಂದರು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಯಿಂದ ಹಣ ಮಾಯವಾಯಿತು. ಕ್ರಯಪತ್ರದ ಪ್ರತಿಯಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ, ಅದರ ಅಚ್ಚು ತೆಗೆದು, ಯಂತ್ರದ ಮೇಲೆ ಒತ್ತಿದ್ದರು. ಒಂದು ಸಲಕ್ಕೆ ಹೆಚ್ಚೆಂದರೆ 10,000 ರೂಪಾಯಿ ತೆಗೆಯಬಹುದು. ಮಾರನೆಯ ದಿನ ಮತ್ತೆ ತೆಗೆಯಬಹುದು.

ಪಿನ್ ಸೋರಿದರೆ ಬದಲಿಸಬಹುದು. ಹೆಬ್ಬೆರಳನ್ನು ಬದಲಿಸಲಾಗದು. ಹಾಗಾಗಿ ಅದಕ್ಕೆ ಬೀಗ ಹಾಕಲೇಬೇಕು. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಅಥವಾ ಅದರ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಇದೆ. ಶುಲ್ಕವಿಲ್ಲ, ಐದು ನಿಮಿಷದ ಕೆಲಸ. ನ್ಯಾಯಬೆಲೆ ಅಂಗಡಿಯಲ್ಲೋ ಸಿಮ್ ಕೊಳ್ಳುವಾಗಲೋ ಬೆರಳು ಒತ್ತಬೇಕಾದರೆ ಸ್ವಲ್ಪ ಹೊತ್ತು ಬೀಗ ತೆಗೆಯಬಹುದು. ಈ ತಾಪತ್ರಯಕ್ಕೆ ಬೇಸರಿಸಬೇಡಿ. ಎಇಪಿಎಸ್ ನಿಮಗೆ ಬೇಡವೇ ಬೇಡವೆಂದಾದರೆ ಅದನ್ನು ನಿಲ್ಲಿಸುವಂತೆ ಬ್ಯಾಂಕಿಗೆ ಅರ್ಜಿ ಕೊಡಿ. ಲಾಡ್ಜ್‌ನಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ.

ಹಣ ಈಗಾಗಲೇ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅಂದೇ ಬ್ಯಾಂಕಿಗೆ ಹೋಗಿ. "ನಿಮ್ಮ ಬೆರಳಚ್ಚೇ ಬಿದ್ದಿದೆಯಲ್ಲ, ನಾವೇನು ಮಾಡೋಣ" ಎಂದರೆ ಸುಮ್ಮನೆ ಎದ್ದು ಬರಬೇಡಿ. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಹೊರಗಿನವರಿಂದ ಮೋಸವಾಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಹೊಣೆ ಗ್ರಾಹಕರದೆಂದು ಸಾಬೀತು ಮಾಡಬೇಕಾದದ್ದೂ ಬ್ಯಾಂಕೇ. ಕ್ರೆಡಿಟ್ ಕಾರ್ಡಿನ ಮೋಸಕ್ಕೂ ಇದೇ ನಿಯಮ.

ನನಗೆ ಹೆಚ್ಚು ಚಿಂತೆ ಊರಿನಲ್ಲಿರುವ ಹಿರಿಯರದು. ಅವರ ಖಾತೆಯಲ್ಲಿ ಪಿಂಚಣಿ ಇದೆ, ಕೈಯಲ್ಲಿ ಸ್ಮಾರ್ಟ್‌ಫೋನ್ ಇಲ್ಲ. ಹಣ ಹೋದದ್ದು ಪಾಸ್‌ಬುಕ್ ಪ್ರಿಂಟ್ ಹಾಕಿಸಿದಾಗಲೇ ತಿಳಿಯುತ್ತದೆ. ಈ ಭಾನುವಾರ ಅಪ್ಪ, ಅಮ್ಮ, ಅಜ್ಜಿಯ ಪಕ್ಕ ಕುಳಿತು, ಬೀಗ ಹಾಕುವ ಮೊದಲು ಅವರ ಆಧಾರ್‌ಗೆ ಯಾವ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆ ಎಂದು ನೋಡಿ. ಇಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಜೋಡಿಸಿ. ಆಮೇಲೆ ಬೀಗ ಹಾಕಿ, ತೆಗೆಯುವುದು ಹೇಗೆಂದು ಅವರಿಗೂ ಮನೆಯಲ್ಲಿರುವ ಇನ್ನೊಬ್ಬರಿಗೂ ತೋರಿಸಿಕೊಡಿ.