ಶಾಂತ ಮಗು ಎಂಬ ಪ್ರಶಸ್ತಿ

ಮುಖರ್ಜಿ ನಗರದ ಬತ್ರಾ ಸಿನೆಮಾದ ಸುತ್ತಮುತ್ತ ಬರಿಯ ಗೋಡೆ ಎಂಬುದೇ ಉಳಿದಿಲ್ಲ. ಎಲ್ಲಿ ನೋಡಿದರೂ ಯುಪಿಎಸ್‌ಸಿಯಲ್ಲಿ ಆಯ್ಕೆಯಾದವರ ಮುಖಗಳು, ಅವರ ರ‍್ಯಾಂಕುಗಳು, ಅವರಿಗೆ ಪಾಠ ಹೇಳಿದ್ದು ನಾವೇ ಎಂದು ಸಾರುವ ಕೋಚಿಂಗ್ ಸಂಸ್ಥೆಗಳ ಹೆಸರುಗಳು. 2023ರ ಜೂನ್ 15ರಂದು ಇಲ್ಲಿಯ ಒಂದು ಕೋಚಿಂಗ್ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು, ವಿದ್ಯಾರ್ಥಿಗಳು ಕಿಟಕಿಗಳಿಂದ ಹಗ್ಗ, ತಂತಿ ಹಿಡಿದು ಇಳಿದ ದೃಶ್ಯವನ್ನು ದೇಶವೆಲ್ಲ ನೋಡಿತು. ಈ ಬಡಾವಣೆಯ ಯುವಕರ ಮೇಲಿನ ಒತ್ತಡವನ್ನು ಕುರಿತು ಬಹಳ ಬರೆಯಲಾಗಿದೆ, ಬರೆಯಲೇಬೇಕಾದ ವಿಷಯವದು. ಆದರೆ ಇದೇ ಬೀದಿಗಳಲ್ಲಿ ಬೆಳಗಿನ ಏಳು ಗಂಟೆಗೆ ಕೊರಳಿಗೆ ನೀರಿನ ಬಾಟಲಿ ನೇತುಹಾಕಿಕೊಂಡು ಶಾಲೆಯ ವ್ಯಾನಿಗೆ ಕಾಯುವ ಆರೇಳು ವರ್ಷದವರೂ ಇದ್ದಾರೆ. ಅವರನ್ನು ಕುರಿತು ಯಾರೂ ಬರೆಯುವುದಿಲ್ಲ. ಅವರಿನ್ನೂ ಯಾವ ಪರೀಕ್ಷೆಗೂ ಕುಳಿತಿಲ್ಲವಲ್ಲ!

ಧಾರವಾಡದಿಂದ ವರ್ಗವಾಗಿ ನಾವು ಇಲ್ಲಿಗೆ ಬಂದಾಗ ನಮ್ಮ ಹುಡುಗ ಎರಡನೆಯ ತರಗತಿಗೆ ಸೇರಿದ. ಊರಿನಲ್ಲಿ ಮಾತಿನ ಮಲ್ಲ. ಹಾಲಿನವರಿಂದ ಹಿಡಿದು ಗುಡಿಯ ಪೂಜಾರಿಯವರೆಗೆ ಯಾರನ್ನೂ ಮಾತನಾಡಿಸದೆ ಬಿಟ್ಟವನಲ್ಲ. ಇಲ್ಲಿ ಆಟದ ಭಾಷೆ ಹಿಂದಿ, ಪಾಠದ ಭಾಷೆ ಇಂಗ್ಲಿಷು. ಎರಡು ತಿಂಗಳು ಕಳೆಯುವಷ್ಟರಲ್ಲಿ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಹುಳದ ಔಷಧಿ ಕುಡಿಸಿದೆವು, ಸ್ಕ್ಯಾನ್ ಮಾಡಿಸಿದೆವು, ಹಾಲು ಬಿಡಿಸಿದೆವು. ಪಾಲಕರ ಸಭೆಯಲ್ಲಿ ತರಗತಿಯ ಶಿಕ್ಷಕಿ ಮುಗುಳ್ನಕ್ಕು, ‘ಬಹುತ್ ಶಾಂತ್ ಬಚ್ಚಾ ಹೈ, ಕೋಯೀ ದಿಕ್ಕತ್ ನಹೀಂ’ ಎಂದರು. ನಾವೂ ಹೆಮ್ಮೆಯಿಂದಲೇ ಮನೆಗೆ ಮರಳಿದೆವು. ತೊಂದರೆ ಕೊಡದ ಮಗು! ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಯಾವುದು?

ಪ್ರಶಸ್ತಿಯ ಬಣ್ಣ ಬಯಲಾದದ್ದು ನವೆಂಬರಿನ ಹೊಗೆಯಿಂದ. ದೆಹಲಿಯ ಗಾಳಿ ಕೆಟ್ಟಾಗ ಮೊದಲು ಬಾಗಿಲು ಮುಚ್ಚುವುದು ಐದನೆಯ ತರಗತಿಯವರೆಗಿನ ಶಾಲೆಗಳು. 2023ರ ನವೆಂಬರಿನಲ್ಲೂ ಹಾಗೇ ಆಯಿತು. ಹೊರಗೆ ಉಸಿರು ಕಟ್ಟುವಂಥ ಗಾಳಿ, ಮನೆಯೊಳಗೆ ನಮ್ಮ ಹುಡುಗನ ಹೊಟ್ಟೆನೋವು ಮಾಯ. ಶಾಲೆ ಮತ್ತೆ ತೆರೆಯುತ್ತದೆಂಬ ಸಂದೇಶ ಫೋನಿಗೆ ಬಂದ ರಾತ್ರಿಯೇ ಅದು ಹಿಂತಿರುಗಿತು. ಧಾರವಾಡದಿಂದ ಅವನಜ್ಜಿ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: ‘ಅದು ಹೊಟ್ಟಿ ನೋವಲ್ಲೋ ತಮ್ಮಾ, ಅಂಜಿಕಿ.’ ಇಬ್ಬರು ವೈದ್ಯರಿಗೂ, ಒಂದು ಶಾಲೆಗೂ, ಇಂಗ್ಲಿಷ್ ಎಂ.ಎ. ಮಾಡಿದ ನಮಗೂ ಸಿಗದ ಪದ ಅದು. ಆಮೇಲೆ ನಿಧಾನವಾಗಿ ತಿಳಿದದ್ದಿಷ್ಟು: ಶೌಚಾಲಯಕ್ಕೆ ಹೋಗಲು ಅನುಮತಿ ಕೇಳುವ ಹಿಂದಿ ವಾಕ್ಯವನ್ನು ಮೊದಲ ವಾರದಲ್ಲಿ ಅವನು ತಪ್ಪಾಗಿ ಹೇಳಿದ್ದ, ತರಗತಿ ನಕ್ಕಿತ್ತು. ಅಂದಿನಿಂದ ಅವನು ಕೇಳುವುದನ್ನೇ ಬಿಟ್ಟಿದ್ದ. ನೀರಿನ ಬಾಟಲಿ ದಿನವೂ ತುಂಬಿದ್ದ ಹಾಗೆಯೇ ಮನೆಗೆ ಬರುತ್ತಿತ್ತು. ಅದನ್ನು ನಾವು ನೋಡಿದ್ದೆವು, ಆದರೆ ಓದಿರಲಿಲ್ಲ.

ಶಾಲೆಯೊಂದನ್ನೇ ದೂರಿ ಕೈತೊಳೆದುಕೊಳ್ಳಲು ಈ ಕಥೆಯನ್ನು ಹೇಳುತ್ತಿಲ್ಲ. ಒಂದೇ ಕೋಣೆಯಲ್ಲಿ ನಲವತ್ತು ಮಕ್ಕಳನ್ನಿಟ್ಟುಕೊಂಡ ಶಿಕ್ಷಕಿಗೆ ಗದ್ದಲ ಮಾಡುವ ಐವರು ಕಾಣುತ್ತಾರೆ, ಸುಮ್ಮನಿರುವ ಒಬ್ಬ ಕಾಣುವುದಿಲ್ಲ. ನಮ್ಮ ತಕರಾರು ಇರುವುದು ಇಡೀ ವ್ಯವಸ್ಥೆ ಮಕ್ಕಳ ಮನಸ್ಸನ್ನು ಯಾವಾಗಿನಿಂದ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬುದರಲ್ಲಿ. ಎನ್‌ಸಿಇಆರ್‌ಟಿ 2022ರಲ್ಲಿ ಶಾಲಾ ಮಕ್ಕಳ ಮಾನಸಿಕ ಆರೋಗ್ಯದ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಸುಮಾರು 3.79 ಲಕ್ಷ ಮಕ್ಕಳನ್ನು ಮಾತನಾಡಿಸಿದ ಅದರಲ್ಲಿ ಶೇಕಡಾ 81ರಷ್ಟು ಮಂದಿ ಓದು, ಪರೀಕ್ಷೆ, ಫಲಿತಾಂಶಗಳೇ ತಮ್ಮ ಆತಂಕಕ್ಕೆ ಕಾರಣವೆಂದರು. ಕೇಳಿದ್ದು ಆರನೆಯ ತರಗತಿಯಿಂದ ಮೇಲಿನವರನ್ನು. ನಮ್ಮ ನಾಡಿನ ಹೆಮ್ಮೆಯ ನಿಮ್ಹಾನ್ಸ್ ಸಂಸ್ಥೆಯ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹದಿಹರೆಯದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿವೆ ಎಂದು ಗುರುತಿಸಿತು. ಅದು ನೋಡಿದ್ದು 13ರಿಂದ 17 ವರ್ಷದವರನ್ನು. ಏಳು ವರ್ಷದವನ ಮನಸ್ಸು ಈ ಎರಡೂ ದೊಡ್ಡ ಲೆಕ್ಕಗಳಿಂದ ಹೊರಗೇ ಉಳಿಯಿತು. ಚಿಕ್ಕ ಮಕ್ಕಳಿಗೆ ಪ್ರಶ್ನಾವಳಿ ಕೊಟ್ಟು ಕೇಳುವುದು ಕಷ್ಟ ಎಂಬುದನ್ನು ಒಪ್ಪೋಣ. ಆದರೆ ಎಣಿಸಲು ಕಷ್ಟವಾದದ್ದು ಇಲ್ಲವೇ ಇಲ್ಲ ಎಂದಾಗುವುದು ಕಡತಗಳ ಲೋಕದ ಹಳೆಯ ರೋಗ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕುಳಿತು ಅದೇ ಕಡತಗಳನ್ನು ಸಾಗಿಸುವ ನಮಗೆ ಇದು ಚೆನ್ನಾಗಿಯೇ ಗೊತ್ತು.

ಕೇಂದ್ರ ಶಿಕ್ಷಣ ಸಚಿವಾಲಯ 2020ರ ಜುಲೈನಲ್ಲಿ ‘ಮನೋದರ್ಪಣ’ವನ್ನು ಆರಂಭಿಸಿ ಸಹಾಯವಾಣಿಯನ್ನೂ ಕೊಟ್ಟಿತು. ಒಳ್ಳೆಯದೇ. ಆದರೆ ತಮಗೇನಾಗಿದೆ ಎಂದು ಹೇಳಲು ಬಾರದ ಮಕ್ಕಳು ಫೋನು ಮಾಡುವುದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ವಿಶಾಖಪಟ್ಟಣದಲ್ಲಿ ಕೋಚಿಂಗ್ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕೆಂದು ಮಾರ್ಗಸೂಚಿ ನೀಡಿತು. ಆ ಮಾತಿನ ವ್ಯಾಪ್ತಿಗೆ ಪ್ರಾಥಮಿಕ ಶಾಲೆಯೂ ಬರುತ್ತದೆ. ಆದರೆ ನಾವು ಕಂಡಂತೆ, ಆಪ್ತಸಮಾಲೋಚಕರಿರುವ ಶಾಲೆಗಳಲ್ಲಿ ಅವರ ಕೋಣೆ ಇರುವುದು ಬೋರ್ಡ್ ಪರೀಕ್ಷೆಯ ತರಗತಿಗಳಿರುವ ಮಹಡಿಯಲ್ಲಿ. ಕೆಳಮಹಡಿಯ ಪುಟಾಣಿಗಳಿಗೆ ಗೋಡೆಯ ಮೇಲೆ ಚಿಟ್ಟೆಯ ಚಿತ್ರ. ಮನಸ್ಸನ್ನು ನಾವು ಅಂಕ ಗಳಿಸುವ ಉಪಕರಣವೆಂದು ತಿಳಿದಿದ್ದೇವೆ; ಉಪಕರಣ ಕೆಟ್ಟು ಅಂಕ ಕಡಿಮೆಯಾದಾಗ ಮಾತ್ರ ರಿಪೇರಿಗೆ ಜನ ಬೇಕು. ಮುಖರ್ಜಿ ನಗರದ ಗೋಡೆಗಳೂ ಹೇಳುವುದು ಅದನ್ನೇ.

ದೆಹಲಿ ಸರ್ಕಾರದ ‘ಹ್ಯಾಪಿನೆಸ್’ ಪಠ್ಯಕ್ರಮವನ್ನು ಮರೆತಿರಾ ಎಂದು ಓದುಗರು ಕೇಳಬಹುದು. ಮರೆತಿಲ್ಲ. 2018ರ ಜುಲೈ 2ರಂದು ದಲೈ ಲಾಮಾ ಅವರ ಸಮ್ಮುಖದಲ್ಲಿ ಅದು ಉದ್ಘಾಟನೆಯಾಯಿತು. ನರ್ಸರಿಯಿಂದ ಎಂಟನೆಯ ತರಗತಿಯವರೆಗೆ ದಿನಕ್ಕೊಂದು ಪೀರಿಯಡ್; ಧ್ಯಾನ, ಕಥೆ, ಚಟುವಟಿಕೆ; ಪರೀಕ್ಷೆಯಿರಲಿಲ್ಲ. 2020ರ ಫೆಬ್ರವರಿಯಲ್ಲಿ ಮೆಲನಿಯಾ ಟ್ರಂಪ್ ಬಂದು ನೋಡಿಹೋದರು. ಚಿಕ್ಕ ಮಕ್ಕಳಿಗೂ ಮನಸ್ಸಿದೆ ಎಂದು ಒಂದು ಸರ್ಕಾರ ಒಪ್ಪಿಕೊಂಡಿತಲ್ಲ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಈ ನಗರದ ಬಡವರ ಮಕ್ಕಳಲ್ಲಿ ಬಹುಪಾಲಿನವರು ಐದನೆಯ ತರಗತಿಯವರೆಗೆ ಓದುವುದು ಮಹಾನಗರ ಪಾಲಿಕೆಯ ಶಾಲೆಗಳಲ್ಲಿ. ಆ ಪಠ್ಯಕ್ರಮ ಆರಂಭವಾದದ್ದು ದೆಹಲಿ ಸರ್ಕಾರದ ಶಾಲೆಗಳಲ್ಲಿ. ಇನ್ನೂ ಒಂದು ಮಾತಿದೆ. ನಲವತ್ತು ಮಕ್ಕಳಿಗೆ ಒಟ್ಟಿಗೆ ಕಣ್ಣು ಮುಚ್ಚಿಸುವುದು ಸುಲಭ. ಒಂದು ಮಗುವನ್ನು ಕಣ್ಣು ತೆರೆದು ನೋಡುವುದು ಕಷ್ಟ. ಟೈಮ್‌ಟೇಬಲ್ಲಿನಲ್ಲಿ ಸಂತೋಷಕ್ಕೆ ಜಾಗ ಕೊಟ್ಟರಾಯಿತು, ಉಳಿದ ಏಳು ಪೀರಿಯಡ್‌ಗಳಲ್ಲಿ ಹೇಗಾದರೂ ನಡೆದುಕೊಳ್ಳಬಹುದು ಎಂಬ ಭ್ರಮೆಯೂ ಅದರೊಂದಿಗೆ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತವೇನೋ ಬಹುಮಟ್ಟಿಗೆ ಮರೆಯಾಗಿದೆ. ತರಗತಿ ನಕ್ಕಾಗ ಅದನ್ನು ನಿಲ್ಲಿಸದಿರುವುದು ಯಾವ ಕಲಮಿನಡಿ ಬರುತ್ತದೆ?

ಎಂ.ಎ.ಯಲ್ಲಿ ಡಿಕನ್ಸ್‌ನ ‘ಹಾರ್ಡ್ ಟೈಮ್ಸ್’ ಓದುವಾಗ ಸಿಸ್ಸಿ ಜೂಪ್ ನಮಗೆ ಪರೀಕ್ಷೆಯ ಒಂದು ಪ್ರಶ್ನೆಯಾಗಿದ್ದಳು ಅಷ್ಟೆ. ಆ ಶಾಲೆಯಲ್ಲಿ ಅವಳಿಗೆ ಹೆಸರಿಲ್ಲ, ಅವಳು ಇಪ್ಪತ್ತನೆಯ ನಂಬರಿನ ಹುಡುಗಿ. ಸರ್ಕಸ್ಸಿನ ಕುದುರೆಗಳ ನಡುವೆಯೇ ಬೆಳೆದವಳಿಗೆ ಕುದುರೆಯ ವ್ಯಾಖ್ಯೆ ಹೇಳಲು ಬರುವುದಿಲ್ಲ. ಕುದುರೆಯ ಹಲ್ಲಿನ ಲೆಕ್ಕವನ್ನು ಬಾಯಿಪಾಠ ಮಾಡಿದ ಹುಡುಗ ಗೆಲ್ಲುತ್ತಾನೆ. 1854ರ ಕಾದಂಬರಿ. ನಮ್ಮ ಹುಡುಗನನ್ನೂ ಶಾಲೆಯಲ್ಲಿ ರೋಲ್ ನಂಬರಿನಿಂದ ಕರೆಯುತ್ತಾರೆ. ಅವನಿಗೆ ಗೊತ್ತಿರುವುದೆಲ್ಲ ಕನ್ನಡದಲ್ಲಿದೆ, ಕೇಳುವವರು ಕನ್ನಡದಲ್ಲಿಲ್ಲ.

ಇನ್ನು ನಮ್ಮ ಸರದಿ. ಹೊರನಾಡಿನ ಕನ್ನಡಿಗರಾದ ನಾವು ಭಾಷೆಯ ವಿಷಯದಲ್ಲಿ ಎಷ್ಟು ಭಾವುಕರೋ ಮಕ್ಕಳ ವಿಷಯದಲ್ಲಿ ಅಷ್ಟೇ ಒರಟರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಲು ರಾಜ್ಯಗಳು ಯತ್ನಿಸಬೇಕು ಎನ್ನುವ ಸಂವಿಧಾನದ 350ಎ ವಿಧಿಯನ್ನು ಭಾಷಣಗಳಲ್ಲಿ ಉದ್ಧರಿಸುತ್ತೇವೆ. ಮನೆಗೆ ಬಂದು, ‘ಇನ್ನು ಮುಂದೆ ಮನೆಯಲ್ಲೂ ಹಿಂದಿ, ಇಲ್ಲದಿದ್ದರೆ ಇವನು ಹೊಂದಿಕೊಳ್ಳುವುದಿಲ್ಲ’ ಎನ್ನುತ್ತೇವೆ. ನಾವೂ ಹಾಗೆಯೇ ಮಾಡಿದೆವು, ಮೂರು ವಾರ. ದಿನದಲ್ಲಿ ಅವನು ಮಾತನಾಡಬಹುದಾಗಿದ್ದ ಏಕೈಕ ಸ್ಥಳವನ್ನೂ ಕಿತ್ತುಕೊಂಡೆವು. ನವೆಂಬರ್ ಬಂತೆಂದರೆ ಅದೇ ಮಕ್ಕಳಿಗೆ ಪೇಟ ತೊಡಿಸಿ, ಅರ್ಥವಾಗದ ವಚನವನ್ನು ಬಾಯಿಪಾಠ ಮಾಡಿಸಿ ರಾಜ್ಯೋತ್ಸವದ ವೇದಿಕೆಗೆ ಹತ್ತಿಸುತ್ತೇವೆ. ಮೈಕಿನೆದುರು ಬಿಕ್ಕಿದ ಮಗುವನ್ನು ಕಂಡು ಸಭೆ ನಗುತ್ತದೆ. ಆ ನಗುವಿಗೂ ಎರಡನೆಯ ತರಗತಿಯ ನಗುವಿಗೂ ಇರುವ ವ್ಯತ್ಯಾಸವನ್ನು ಆ ಮಗುವಿಗೆ ಯಾರು ವಿವರಿಸುವುದು?

‘ನಾವೆಲ್ಲ ಏಟು ತಿಂದೇ ಬೆಳೆಯಲಿಲ್ಲವೇ, ನಮಗೇನಾಗಿದೆ?’ ಎನ್ನುವ ಹಿರಿಯರು ಪ್ರತಿ ಕೂಟದಲ್ಲೂ ಇರುತ್ತಾರೆ. ಏನಾಗಿದೆ ಎಂದರೆ, ಮಗು ಅಂಜಿದೆ ಎಂದರೆ ನಂಬದವರಾಗಿದ್ದೇವೆ. ಸಮಾಲೋಚಕರ ಬಳಿ ಕರೆದೊಯ್ಯೋಣವೆಂದರೆ ‘ಅವನಿಗೇನು ಹುಚ್ಚೇ?’ ಎನ್ನುತ್ತೇವೆ; ನಿಮ್ಹಾನ್ಸ್ ಎಂಬ ಹೆಸರನ್ನು ಹೆಮ್ಮೆಗೂ ಬೈಗುಳಕ್ಕೂ ಒಂದೇ ನಾಲಿಗೆಯಲ್ಲಿ ಬಳಸುತ್ತೇವೆ. ತಪ್ಪದೆ ಜ್ವರ ನೋಡುವ ನಾವು ಮಾತು ನಿಂತದ್ದನ್ನು ನೋಡುವುದಿಲ್ಲ.

ನಾವು ಕೇಳುತ್ತಿರುವುದು ದೊಡ್ಡ ಯೋಜನೆಯನ್ನಲ್ಲ. ಆಪ್ತಸಮಾಲೋಚಕರು ವಾರಕ್ಕೆರಡು ದಿನ ಕೆಳಮಹಡಿಗೆ ಇಳಿಯಲಿ, ಆಟದ ವೇಳೆಯಲ್ಲಿ ಮೂಲೆಯಲ್ಲಿ ನಿಂತು ನೋಡಲಿ: ಯಾರು ಒಂಟಿ, ಯಾರ ಡಬ್ಬಿ ತುಂಬಿದ ಹಾಗೆಯೇ ಹಿಂದಕ್ಕೆ ಹೋಗುತ್ತದೆ, ಯಾರು ಶೌಚಾಲಯಕ್ಕೆ ಹೋಗುವುದೇ ಇಲ್ಲ. ಬೇರೆ ನುಡಿಯಿಂದ ಬಂದ ಮಗುವಿಗೆ ಮೊದಲ ವರ್ಷದಲ್ಲಿ ಕೈಸನ್ನೆಯಿಂದ ಅನುಮತಿ ಕೇಳುವ ಅವಕಾಶವಿರಲಿ. ಜೊತೆಗೊಬ್ಬ ಗೆಳೆಯನನ್ನು ಶಿಕ್ಷಕಿಯೇ ಗೊತ್ತುಮಾಡಲಿ. ಪಾಲಕರ ಸಭೆಯಲ್ಲಿ ಅಂಕಪಟ್ಟಿ ಬಿಚ್ಚುವ ಮೊದಲು ‘ಇವನು ತರಗತಿಯಲ್ಲಿ ಯಾರೊಡನೆ ಮಾತನಾಡುತ್ತಾನೆ?’ ಎಂಬ ಪ್ರಶ್ನೆಗೆ ಉತ್ತರ ಸಿಗಲಿ. ಕನ್ನಡದ ಕೂಟಗಳಲ್ಲಿ ಮಕ್ಕಳನ್ನು ಒಂದು ಸಂಜೆಯಾದರೂ ವೇದಿಕೆಗೆ ಹತ್ತಿಸದೆ, ಬಾಯಿಗೆ ಬಂದದ್ದನ್ನು ಕನ್ನಡದಲ್ಲಿ ಹರಟಲು ಬಿಡೋಣ.

ಇಷ್ಟನ್ನೂ ಬರೆದು ಹುಡುಗನ ಶಾಲೆಗೆ ಕೊಟ್ಟೆವು. ಕೈಸನ್ನೆಯ ಮಾತನ್ನು ತರಗತಿಯ ಶಿಕ್ಷಕಿ ಮರುದಿನವೇ ಒಪ್ಪಿಕೊಂಡರು. ಈಗ ಅವನು ಎಡಗೈಯ ಕಿರುಬೆರಳು ಎತ್ತಿದರೆ ಸಾಕು, ಹೋಗಿ ಬರಬಹುದು. ಬಾಟಲಿ ಅರ್ಧ ಖಾಲಿಯಾಗಿ ಬರುತ್ತಿದೆ. ಉಳಿದದ್ದಕ್ಕೆ ಶಾಲೆಯ ಕಚೇರಿ ಸ್ವೀಕೃತಿಯ ಮೊಹರು ಒತ್ತಿ ಪ್ರತಿಯೊಂದನ್ನು ನಮಗೆ ಕೊಟ್ಟಿದೆ.