ತೋಟಗಾರನನ್ನು ಮಾರಿ ತೋಟ ಉಳಿಸುವವರು

ಭಂಕೂರಿನಲ್ಲಿ ಕುಳಿತು ಹವಳದ ಮೀನಿನ ಪರವಾಗಿ ವಾದಿಸುವುದು ಕೆಲವರಿಗೆ ನಗು ತರಿಸಬಹುದು. ಆದರೆ ನಮ್ಮ ಮನೆಗಳಲ್ಲಿ ಹಾಸಿರುವ ಶಹಾಬಾದ್ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂಡಿಬಂದ ಸುಣ್ಣವೇ. ಆ ಕಲ್ಲಿನಿಂದ ಅನ್ನ ಕಂಡಿರುವ ನಾವು, ಇಂದಿಗೂ ಕಡಲಿನಲ್ಲಿ ಸುಣ್ಣಕಲ್ಲನ್ನು ಕಟ್ಟುತ್ತಿರುವ ಹವಳದ ಅಳಿವು ಉಳಿವನ್ನು ದೂರದ ಸುದ್ದಿಯೆಂದು ತಳ್ಳಿಹಾಕುವುದು ಸಲ್ಲದು.

ಹವಳದ ದಿಬ್ಬಕ್ಕೊಬ್ಬ ತೋಟಗಾರನಿದ್ದಾನೆ, ಅವನೇ ಗಿಳಿಮೀನು. ಹಲ್ಲುಗಳು ಒಂದಕ್ಕೊಂದು ಬೆಸೆದು ಗಿಳಿಯ ಕೊಕ್ಕಿನಂತಾಗಿರುವುದರಿಂದ ಈ ಹೆಸರು. ಇದರ ದೊಡ್ಡ ಜಾತಿಗಳು ಒಂದು ಮೀಟರಿಗೂ ಮಿಕ್ಕಿ ಬೆಳೆಯುತ್ತವೆ. ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುವುದೇ ಇದರ ನಿತ್ಯದ ಕಾಯಕ. ಜೊತೆಗೆ ಬಾಯಿಗೆ ಬಂದ ಸುಣ್ಣವನ್ನು ಗಂಟಲಿನ ಹಲ್ಲುಗಳಿಂದ ಅರೆದು ಬಿಳಿಯ ಮರಳಾಗಿ ಹೊರಹಾಕುತ್ತದೆ. ಪಾಚಿ ತೊಲಗಿದಲ್ಲಿ ಎಳೆಯ ಹವಳ ನೆಲೆಯೂರುತ್ತದೆ. ಮರಳಿನಿಂದ ದ್ವೀಪದ ದಡ ಬೆಳೆಯುತ್ತದೆ.

1998ರಲ್ಲಿ ಕಡಲ ನೀರು ಕಾದು ಲಕ್ಷದ್ವೀಪದ ಹವಳಗಳು ಬಹುವಾಗಿ ಬಿಳಿಚಿ ಸತ್ತವು. ಆದರೂ ಮುಂದಿನ ವರ್ಷಗಳಲ್ಲಿ ಹಲವೆಡೆ ಮತ್ತೆ ಚಿಗುರಿದವು. ಅಲ್ಲಿನ ಮೀನುಗಾರರು ಮುಖ್ಯವಾಗಿ ತೆರೆದ ಕಡಲಿನ ಟ್ಯೂನಾ ಹಿಡಿಯುತ್ತಿದ್ದುದರಿಂದ ಪಾಚಿ ತಿನ್ನುವ ಮೀನುಗಳು ಉಳಿದಿದ್ದುದು ಅದಕ್ಕೊಂದು ಕಾರಣ. 2010 ಮತ್ತು 2016ರಲ್ಲಿ ಅದೇ ಪೆಟ್ಟು ಮರುಕಳಿಸಿತು. ಇಂಥ ಹೊತ್ತಿನಲ್ಲಿಯೇ ಹೊರಗಿನವರ ತಟ್ಟೆಗಾಗಿ ದಿಬ್ಬದ ಮೀನುಗಳಿಗೂ ಬಲೆ ಬೀಳತೊಡಗಿದೆ.

2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆ ಹವಳವನ್ನು ಮೊದಲ ಅನುಸೂಚಿಯಲ್ಲಿಟ್ಟು ಕಾಪಾಡುತ್ತಿದೆ. ಸಂತೋಷ. ಆದರೆ ಹವಳ ಮುರಿದವನನ್ನು ದಂಡಿಸಿ, ಹವಳವನ್ನು ಸಲಹುವ ಮೀನನ್ನು ಕಿಲೋ ಲೆಕ್ಕದಲ್ಲಿ ತೂಗಿ ಮಾರುವುದು ಎಂಥ ನ್ಯಾಯ?

“ಬಡ ಮೀನುಗಾರನ ಹೊಟ್ಟೆಯ ಮೇಲೆ ಹೊಡೆಯಬೇಕೆ?” ಎಂದು ಕೇಳುವವರಿದ್ದಾರೆ. ದಿಬ್ಬ ಸತ್ತರೆ ಮೊದಲು ಹಸಿಯುವವನು ಅವನೇ ಅಲ್ಲವೆ? ಕಡಲನ್ನು ನೆಚ್ಚಿದ ಪುಟ್ಟ ದೇಶ ಬೆಲೀಜ್ 2009ರಲ್ಲಿಯೇ ಗಿಳಿಮೀನು ಹಿಡಿಯುವುದನ್ನು ನಿಷೇಧಿಸಿತು. ನಮ್ಮ ರಾಜ್ಯದಲ್ಲಿಯೂ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಅಲ್ಲಿಯೂ ಇಂಥ ಕಟ್ಟಳೆ ಬರಬೇಕು. ಜೀವನೋಪಾಯ ಕಳೆದುಕೊಳ್ಳುವವರಿಗೆ ಸರ್ಕಾರ ಆಸರೆಯಾಗಬೇಕು.

ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಪರಿಪತ್ರವು ಹವಳದ ದಿಬ್ಬಗಳ ನಾಶವನ್ನು ಹೆಸರಿಸಿಯೇ ಎಚ್ಚರಿಸಿತ್ತು. ಆ ಎಚ್ಚರಿಕೆ ಕರಾವಳಿಯವರಿಗೆ ಮಾತ್ರ ಅಲ್ಲ. ರಜೆಯಲ್ಲಿ ಮಕ್ಕಳೊಡನೆ ಕಡಲೂರಿಗೆ ಹೋದಾಗ ಉಪಾಹಾರ ಗೃಹದ ಪಟ್ಟಿಯಲ್ಲಿ ಗಿಳಿಮೀನು ಕಂಡರೆ, ಬೇಡವೆನ್ನೋಣ; ಏಕೆ ಬೇಡವೆಂಬುದನ್ನು ಮಕ್ಕಳಿಗೂ ತಿಳಿಸೋಣ.